ಕಲಾವಿದನಿಗೆ ಬೇಕಾದದ್ದು ಒಂದು ಗೋಡೆ

(ಚಿತ್ರಕಲೆ ಮತ್ತು ರಂಗಭೂಮಿಯ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಜನವರಿ ತಿಂಗಳ ಮೊದಲ ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಹೋಗಿ ನಿಂತರೆ ಅಪರೂಪದ ನೋಟವೊಂದು ಕಾಣಿಸುತ್ತದೆ. ಸರ್ಕಾರಿ ಅತಿಥಿಗೃಹ ಇರುವ ರಸ್ತೆ ಅದು. ಉಳಿದ ದಿನಗಳಲ್ಲಿ ಕೆಂಪು ದೀಪ ಬಿದ್ದಾಗಲೂ ಅಲ್ಲಿ ನಿಧಾನವಾಗಿ ದಾಟಲು ಪಾದಚಾರಿಗೆ ಧೈರ್ಯ ಸಾಲದು. ಆ ಒಂದು ಭಾನುವಾರ ಮಾತ್ರ ಶಿವಾನಂದ ವೃತ್ತದ ಕಡೆಯಿಂದ ವಾಹನಗಳು ಬರುವುದಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕ್ಯಾನ್ವಾಸುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಹಗ್ಗದ ಸುರುಳಿ, ಬಟ್ಟೆಯ ಕ್ಲಿಪ್ಪು, ಒಂದು ಬಾಟಲಿ ನೀರು ಹಿಡಿದು ಜನ ಬರುತ್ತಾರೆ. ರಾತ್ರಿ ರೈಲಿನಲ್ಲಿ ಕಲಬುರಗಿಯಿಂದ, ಗದಗಿನಿಂದ ಬಂದವರು. ಪಶ್ಚಿಮ ಬಂಗಾಳದಿಂದ, ರಾಜಸ್ಥಾನದಿಂದ ಎರಡು ದಿನ ಮೊದಲೇ ಬಂದು ಮೆಜೆಸ್ಟಿಕ್ಕಿನ ಅಗ್ಗದ ಲಾಡ್ಜುಗಳಲ್ಲಿ ಇಳಿದವರು. ಬೆಳಕು ಹರಿಯುವ ಹೊತ್ತಿಗೆ ರಸ್ತೆಯ ಎರಡೂ ಬದಿ ಚಿತ್ರಗಳು ನಿಂತುಬಿಡುತ್ತವೆ. ಅದೇ ಚಿತ್ರಸಂತೆ.

ಕರ್ನಾಟಕ ಚಿತ್ರಕಲಾ ಪರಿಷತ್ತು ಈ ಶತಮಾನದ ಆರಂಭದಲ್ಲಿ ಶುರು ಮಾಡಿದ ಈ ಸಂತೆಗೆ 2023ರಲ್ಲಿ ಇಪ್ಪತ್ತು ತುಂಬಿತು. ಇತ್ತೀಚಿನ ವರ್ಷಗಳಲ್ಲಿ ಒಂದೂವರೆ ಸಾವಿರ ಕಲಾವಿದರು ಒಂದೇ ದಿನ ಅಲ್ಲಿ ಕೂರುತ್ತಾರೆ. ನೂರು ರೂಪಾಯಿಯ ಪೆನ್ಸಿಲ್ ಚಿತ್ರವೂ ಸಿಗುತ್ತದೆ, ಲಕ್ಷದ ತೈಲವರ್ಣವೂ ಸಿಗುತ್ತದೆ. ಬರುವ ಜನರ ಸಂಖ್ಯೆಯನ್ನು ಲಕ್ಷಗಳಲ್ಲೇ ಹೇಳುವುದು ರೂಢಿ. ‘ಮನೆಗೊಂದು ಕಲಾಕೃತಿ’ ಎನ್ನುವುದು ಸಂತೆಯ ಘೋಷಣೆ.

ಇಲ್ಲಿ ಗಮನಿಸಬೇಕಾದದ್ದು ‘ಸಂತೆ’ ಎಂಬ ಮಾತು. ಮೇಳ ಎನ್ನಬಹುದಿತ್ತು, ಉತ್ಸವ ಎನ್ನಬಹುದಿತ್ತು. ಸಂತೆ ಎಂದದ್ದರಲ್ಲಿ ಒಂದು ಅರ್ಥ ಇದೆ. ಹಳ್ಳಿಯ ಸಂತೆಯಲ್ಲಿ ಬೆಳೆದವನೇ ಬಂದು ತನ್ನ ಬುಟ್ಟಿಯ ಮುಂದೆ ಕೂರುತ್ತಾನೆ. ಕೊಳ್ಳುವವನು ಅವನ ಮುಖ ನೋಡಿಯೇ ಕೊಳ್ಳಬೇಕು. ಅವನ ಅಪ್ಪ ಯಾರು, ಯಾವ ಶಾಲೆಯಲ್ಲಿ ಓದಿದ, ಇಂಗ್ಲಿಷ್ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಬದನೆಕಾಯಿ ಚೆನ್ನಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಕಲೆಯ ಲೋಕದಲ್ಲಿ ಇಷ್ಟು ಸರಳ ವ್ಯವಹಾರ ಬೇರೆಲ್ಲೂ ಇಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಖಾಸಗಿ ಗ್ಯಾಲರಿಯೊಂದು ಹೊಸ ಕಲಾವಿದನ ಚಿತ್ರವನ್ನು ಹತ್ತು ಸಾವಿರಕ್ಕೆ ಮಾರಿತೆನ್ನಿ. ಗ್ಯಾಲರಿಯ ಪಾಲು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ. ಉಳಿದದ್ದರಲ್ಲಿ ಬಣ್ಣ, ಕ್ಯಾನ್ವಾಸು, ಫ್ರೇಮು, ಸಾಗಣೆ ಕಳೆಯಬೇಕು. ಮಾಡಿದ ತಿಂಗಳ ಕೆಲಸಕ್ಕೆ ಕೂಲಿ ಎಂದು ಎಷ್ಟು ಉಳಿಯುತ್ತದೆಂದು ಬಾಯಿಬಿಟ್ಟು ಹೇಳಬೇಕಿಲ್ಲ. ಗ್ಯಾಲರಿಯವರು ಮೋಸಗಾರರೆಂದು ಇದರ ಅರ್ಥವಲ್ಲ. ಕಟ್ಟಡದ ಬಾಡಿಗೆ, ದೀಪ, ಸಿಬ್ಬಂದಿ, ಕೊಳ್ಳುವವರ ವಿಳಾಸ ಎಲ್ಲ ಅವರದ್ದೇ. ಆದರೆ ಆ ಬಾಗಿಲು ಹೊಸಬನಿಗೆ ಅಷ್ಟು ಬೇಗ ತೆರೆಯುವುದೂ ಇಲ್ಲ. ಹಾಗಾದರೆ ಆತ ತನ್ನ ಚಿತ್ರವನ್ನು ಎಲ್ಲಿ ತೂಗುಹಾಕಬೇಕು? ನಾಟಕದವನು ಎಲ್ಲಿ ಆಡಬೇಕು? ಒಂದು ನಗರದಲ್ಲಿ ಕಲೆಗೆ ಅವಕಾಶ ಇದೆಯೇ ಇಲ್ಲವೇ ಎಂಬ ಚರ್ಚೆ ಎಷ್ಟೇ ಎತ್ತರಕ್ಕೆ ಹೋದರೂ ಕಡೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಪ್ರಶಸ್ತಿ ಆಮೇಲಿನ ಮಾತು. ಮೊದಲು ಬೇಕಾದದ್ದು ಒಂದು ಗೋಡೆ, ಒಂದು ಅಟ್ಟ. ಅದೂ ಕೈಗೆಟಕುವ ಬಾಡಿಗೆಗೆ.

ಚಿತ್ರಸಂತೆಯ ಬಗ್ಗೆ ದೂರುಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಬುದ್ಧನ ಮುಖ, ಓಡುವ ಕುದುರೆ, ನಾನಾ ಭಂಗಿಯ ಗಣಪತಿ - ಇವು ಬೇಕಾದಷ್ಟು. ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ಕೇಳುವವರಿದ್ದಾರೆ. ಐದು ಸಾವಿರ ಎಂದರೆ ಐನೂರಕ್ಕೆ ಕೊಡುತ್ತೀರಾ ಎನ್ನುವವರಿದ್ದಾರೆ. ಸಂತೆ ಎಂದ ಮೇಲೆ ಚೌಕಾಸಿ ತಪ್ಪಿದ್ದಲ್ಲ. ಮೊಬೈಲಿನಲ್ಲಿ ಚಿತ್ರದ ಚಿತ್ರ ತೆಗೆದುಕೊಂಡು ಮುಂದಕ್ಕೆ ಹೋಗುವವರೇ ಬಹಳ. ನುರಿತ ಕಲಾವಿದರಲ್ಲಿ ಕೆಲವರು ಈ ಕಾರಣಕ್ಕೇ ಅತ್ತ ಸುಳಿಯುವುದಿಲ್ಲ. ಆದರೂ ಜೀವನದಲ್ಲಿ ಒಮ್ಮೆಯೂ ಗ್ಯಾಲರಿಯ ಮೆಟ್ಟಿಲು ಹತ್ತದ ಕುಟುಂಬವೊಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದು ಜಲವರ್ಣದ ಮುಂದೆ ಐದು ನಿಮಿಷ ನಿಲ್ಲುವುದು ಆ ದಿನ ಆ ರಸ್ತೆಯಲ್ಲಿ ಮಾತ್ರ. ಕೊರೋನಾ ಕಾರಣ 2021ರಲ್ಲಿ ಸಂತೆ ಅಂತರ್ಜಾಲದಲ್ಲಿ ನಡೆಯಿತು. 2022ರಲ್ಲಿ ಜನವರಿ ತಪ್ಪಿ ಮಾರ್ಚ್ ಕೊನೆಗೆ ಹೋಯಿತು. ಪರದೆಯ ಮೇಲೆ ಚಿತ್ರ ನೋಡಬಹುದು ನಿಜ, ಆದರೆ ಬರೆದವನ ಮುಖ ನೋಡಿ ‘ಇದೇನಪ್ಪಾ ಬರೆದಿದ್ದೀಯಾ?’ ಎಂದು ಕೇಳುವುದು ಹೇಗೆ?

ಇಷ್ಟಾದರೂ ಅದು ವರ್ಷಕ್ಕೆ ಒಂದು ದಿನ. ಉಳಿದ ದಿನಗಳ ಕತೆ ತಿಳಿಯಬೇಕಾದರೆ ಕುಮಾರಕೃಪಾ ರಸ್ತೆ ಬಿಟ್ಟು ಕಬ್ಬನ್ ಪಾರ್ಕಿನ ಅಂಚಿನ ಕಸ್ತೂರಬಾ ರಸ್ತೆಗೆ ಬರಬೇಕು. ಅಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ. ಬಹಳ ಮಂದಿ ‘ವೆಂಕಟಪ್ಪ ಆರ್ಟ್ ಗ್ಯಾಲರಿ’ ಎಂದೇ ಕರೆಯುತ್ತಾರೆ.

ಕೆ. ವೆಂಕಟಪ್ಪ ಯಾರು ಎಂದು ಗೊತ್ತಿಲ್ಲದೆಯೇ ಆ ಕಟ್ಟಡದಲ್ಲಿ ಪ್ರದರ್ಶನ ಮಾಡಿದವರು ಎಷ್ಟೋ. ಮೈಸೂರಿನ ಅರಮನೆಯ ಚಿತ್ರಕಾರರ ವಂಶದ ಹುಡುಗ. ನಾಲ್ವಡಿ ಕೃಷ್ಣರಾಜ ಒಡೆಯರು ಆತನನ್ನು ಕಲ್ಕತ್ತೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯನಾಗಿ, ನಂದಲಾಲ್ ಬೋಸರಂಥವರ ಜೊತೆಗಾರನಾಗಿ ಕಲಿತು ಬಂದರು. ಊಟಿಯ ಮಂಜು, ಮಳೆ, ಬೆಟ್ಟಗಳ ಜಲವರ್ಣಗಳು, ಅರಮನೆಗೆ ಮಾಡಿದ ಪ್ಲಾಸ್ಟರಿನ ಉಬ್ಬುಚಿತ್ರಗಳು ಅವರ ಹೆಸರು ಉಳಿಸಿವೆ. ಮದುವೆಯಾಗಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು ಅದರಲ್ಲೂ ಮುಳುಗಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಅರಮನೆಯ ಆಸರೆ ತಪ್ಪಿತು, ಸಂಭಾವನೆಯ ವ್ಯಾಜ್ಯ ನ್ಯಾಯಾಲಯದವರೆಗೂ ಹೋಯಿತು. ಕೊನೆಯ ದಿನಗಳನ್ನು ಅವರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಳೆದರು. ತೀರಿಕೊಂಡದ್ದು 1965ರಲ್ಲಿ. ಚಿತ್ರ ಮಾರುವುದೆಂದರೆ ಮೈಗೆ ಮುಳ್ಳು ಚುಚ್ಚಿದಂತೆ ಆಗುತ್ತಿದ್ದ ಮನುಷ್ಯ. ರಾಜಾಶ್ರಯದಲ್ಲಿ ಬೆಳೆದು, ಆಶ್ರಯ ಹೋದ ಮೇಲೆ ಕಲಾವಿದನ ಗತಿ ಏನೆಂಬುದನ್ನು ತನ್ನ ಮೈಮೇಲೆ ಅನುಭವಿಸಿದ ಮನುಷ್ಯನೂ ಹೌದು. ಆತನ ಹೆಸರಿನ ಕಟ್ಟಡ ಮುಂದೆ ಯಾವ ಆಶ್ರಯವೂ ಇಲ್ಲದ ಹೊಸಬರ ಗೋಡೆಯಾದದ್ದು ಸರಿಯಾಗಿಯೇ ಇದೆ.

1970ರ ದಶಕದಲ್ಲಿ ತೆರೆದ ಈ ಗ್ಯಾಲರಿಯಲ್ಲಿ ವೆಂಕಟಪ್ಪನವರ ಕೃತಿಗಳ ಜೊತೆಗೆ ಕೆ.ಕೆ. ಹೆಬ್ಬಾರರ ಚಿತ್ರಗಳೂ ಸೇರಿದವು. ಅದಕ್ಕಿಂತ ಮುಖ್ಯವಾಗಿ, ಸರ್ಕಾರ ಗೊತ್ತುಮಾಡಿದ ಸಣ್ಣ ಬಾಡಿಗೆ ಕಟ್ಟಿದರೆ ಯಾರು ಬೇಕಾದರೂ ಕೆಲವು ದಿನ ಪ್ರದರ್ಶನ ಇಡಬಹುದಾದ ಸಭಾಂಗಣಗಳಿದ್ದವು. ಬಿ.ಎಫ್.ಎ. ಮುಗಿಸಿದ ಗೆಳೆಯರು ನಾಲ್ಕೈದು ಮಂದಿ ಸೇರಿ ಬಾಡಿಗೆ ಹಂಚಿಕೊಂಡು ಸಮೂಹ ಪ್ರದರ್ಶನ ಮಾಡುವುದು, ಆಹ್ವಾನ ಪತ್ರಿಕೆಯನ್ನು ತಾವೇ ಮನೆಮನೆಗೆ ಹಂಚುವುದು, ಸಂಜೆ ನೋಡುಗರಿಗಿಂತ ಗೆಳೆಯರೇ ಹೆಚ್ಚಿರುವುದು - ಒಂದು ತಲೆಮಾರಿನ ಕಲಾವಿದರ ಮೊದಲ ಪ್ರದರ್ಶನ ಹೀಗೆಯೇ ಆಯಿತು. ಗೋಡೆಗೆ ಬಣ್ಣ ಹೋಗಿತ್ತು, ದೀಪ ಕೆಟ್ಟಿತ್ತು, ಮಳೆಗಾಲದಲ್ಲಿ ಸೋರುತ್ತಿತ್ತು ಎಂಬ ದೂರುಗಳಿಗೇನೂ ಕೊರತೆಯಿರಲಿಲ್ಲ. ಆದರೂ ಅದು ಬಾಗಿಲು ತೆರೆದ ಜಾಗ.

ಈ ಜಾಗಕ್ಕೆ 2016ರಲ್ಲಿ ಕುತ್ತು ಬಂತು. ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಡಿ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದ ಆಗಿದೆಯೆಂದು ಗೊತ್ತಾದಾಗ ಕಲಾವಿದರು ಬೀದಿಗಿಳಿದರು. ಗ್ಯಾಲರಿಯ ಮುಂದೆ ಕೂತು ಚಿತ್ರ ಬರೆದರು, ಹಾಡಿದರು, ಸಭೆ ಮಾಡಿದರು. ವಾದ ಎರಡೂ ಕಡೆ ಇತ್ತು. ಸರ್ಕಾರದ ಕೈಯಲ್ಲಿ ಕಟ್ಟಡ ಹಾಳಾಗಿದೆ, ಹಣವಂತರು ಬಂದು ಅಂತಾರಾಷ್ಟ್ರೀಯ ಮಟ್ಟಕ್ಕೆ ಏರಿಸಿದರೆ ನಷ್ಟವೇನು ಎಂದು ಒಂದು ಕಡೆಯವರು ಕೇಳಿದರು. ಮಟ್ಟ ಏರಿದ ಮೇಲೆ ಬಾಡಿಗೆ ಏರುವುದಿಲ್ಲವೇ, ಗೋಡೆಯ ಮೇಲೆ ಏನು ತೂಗಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂದು ಇನ್ನೊಂದು ಕಡೆಯವರು ಕೇಳಿದರು. ಎರಡನೆಯ ಪ್ರಶ್ನೆಗೆ ತೃಪ್ತಿಕರ ಉತ್ತರ ಬರಲಿಲ್ಲ, ಯೋಜನೆ ನಿಂತಿತು.

ಕುತೂಹಲದ ಸಂಗತಿಯೆಂದರೆ, ಆ ಯೋಜನೆಯ ಹಿಂದಿದ್ದ ಸಂಗ್ರಹಕಾರರು ಮುಂದೆ ಅದೇ ಕಸ್ತೂರಬಾ ರಸ್ತೆಯಲ್ಲಿ ಸ್ವಂತ ಕಟ್ಟಡ ಕಟ್ಟಿ 2023ರಲ್ಲಿ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ತೆರೆದರು. ಊರಿಗೆ ಒಂದು ಒಳ್ಳೆಯ ಸಂಗ್ರಹಾಲಯವೂ ಸಿಕ್ಕಿತು, ಹೊಸಬರ ಗೋಡೆಯೂ ಸರ್ಕಾರದಲ್ಲೇ ಉಳಿಯಿತು. ಜಗಳ ಆಡಿದ್ದರಿಂದ ಎರಡು ಬಂತು ಎನ್ನಬೇಕು; ಆಡದಿದ್ದರೆ ಒಂದೇ ಆಗುತ್ತಿತ್ತು. 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಬಂದಿತ್ತು. ಇಂಥ ಕಡೆ ಹೋಗಿ ನೋಡಬೇಕು, ಕಲಿಯಬೇಕು. ಆದರೆ ಇವು ಹೊಸಬ ಅರ್ಜಿ ಹಾಕಿ ತನ್ನ ಚಿತ್ರ ತೂಗುವ ಜಾಗಗಳಲ್ಲ. ಈ ವ್ಯತ್ಯಾಸವನ್ನು ಪತ್ರಿಕೆಗಳು ಕೂಡ ಆಗಾಗ ಮರೆತು, ದೊಡ್ಡ ಕಟ್ಟಡ ಎದ್ದ ತಕ್ಷಣ ‘ಕಲಾವಿದರಿಗೆ ಸುವರ್ಣಾವಕಾಶ’ ಎಂದು ತಲೆಬರಹ ಕೊಟ್ಟುಬಿಡುತ್ತವೆ.

ಈಗ ರಂಗಭೂಮಿಯವರ ಕಡೆ ತಿರುಗೋಣ. ಅವರ ಕತೆ ಸ್ವಲ್ಪ ಬೇರೆ, ಏಕೆಂದರೆ ಚಿತ್ರವನ್ನು ಮನೆಯಲ್ಲಿ ಬರೆದಿಡಬಹುದು, ನಾಟಕವನ್ನು ಬೀರುವಿನಲ್ಲಿ ಇಡಲಾಗುವುದಿಲ್ಲ.

ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆಂದು ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ತೊಟ್ಟಿಲು ಅದು ಎಂದರೆ ಅತಿಶಯೋಕ್ತಿಯಲ್ಲ. ಆದರೆ ಅಲ್ಲಿ ನಡೆದ ದೊಡ್ಡ ಸಂಗತಿಗಳಲ್ಲೊಂದು ನಡೆದದ್ದು ಕಟ್ಟಡದ ಒಳಗಲ್ಲ, ಹಿಂದುಗಡೆ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂಭಾಗದ ಬಯಲಿನಲ್ಲಿ ‘ಈಡಿಪಸ್’, ಲಂಕೇಶರ ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’ ಆಡಿಸಿದರು. ಪರದೆ ಇಲ್ಲ, ಛಾವಣಿ ಇಲ್ಲ. ಇದ್ದ ನೆಲ, ಇದ್ದ ಕಲ್ಲುಗಳೇ ರಂಗಸಜ್ಜಿಕೆ. ಕನ್ನಡ ರಂಗಭೂಮಿಯ ದಿಕ್ಕು ಬದಲಾಯಿಸಿದ ಘಟನೆ ಎಂದು ರಂಗ ಇತಿಹಾಸಕಾರರು ಅದನ್ನು ಹೇಳುತ್ತಾರೆ. ಆ ಬಯಲಿಗೆ ಮುಂದೆ ನಾಟಕಕಾರ ಸಂಸರ ಹೆಸರು ಬಂತು. ಊರೂರು ಅಲೆದು 1939ರಲ್ಲಿ ದುರಂತ ಸಾವು ಕಂಡ, ಬರೆದ ನಾಟಕಗಳಲ್ಲಿ ಹಲವನ್ನು ನಾವು ಕಳೆದುಕೊಂಡಿರುವ ನಾಟಕಕಾರ. ಇವತ್ತಿಗೂ ದೊಡ್ಡ ಸಭಾಂಗಣದ ಬಾಡಿಗೆ ಕಟ್ಟಲಾರದ ತಂಡಗಳು ಬಯಲಿನ ಕಡೆ ನೋಡುತ್ತವೆ.

ಕಲಾಕ್ಷೇತ್ರಕ್ಕೆ ಇಲಾಖೆಗೆ ಅರ್ಜಿ ಕೊಡಬೇಕು. ಶನಿವಾರ, ಭಾನುವಾರಕ್ಕೆ ಪೈಪೋಟಿ. ನಾಟಕಕ್ಕೆ ಕಟ್ಟಿದ ಮನೆಯಲ್ಲಿ ಸನ್ಮಾನ ಸಮಾರಂಭ, ಸಂಘದ ವಾರ್ಷಿಕೋತ್ಸವಗಳೇ ದಿನಾಂಕ ಹಿಡಿದುಬಿಡುತ್ತವೆ ಎಂಬ ರಂಗಕರ್ಮಿಗಳ ಗೊಣಗಾಟ ಹಳೆಯದು. ಆ ಗೊಣಗಾಟಕ್ಕೆ ಉತ್ತರವಾಗಿ ಬಂದದ್ದು ಜೆ.ಪಿ. ನಗರದ ರಂಗಶಂಕರ.

ಶಂಕರ್ ನಾಗ್ 1990ರ ಸೆಪ್ಟೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಅವರಿಗೆ ಒಂದು ರಂಗಮಂದಿರ ಕಟ್ಟುವ ಕನಸಿತ್ತು. ಅರುಂಧತಿ ನಾಗ್ ಮತ್ತು ಗೆಳೆಯರು ಸಂಕೇತ್ ಟ್ರಸ್ಟಿನ ಮೂಲಕ ವರ್ಷಗಟ್ಟಲೆ ದೇಣಿಗೆ ಎತ್ತಿ, ಸರ್ಕಾರ ಕೊಟ್ಟ ನಿವೇಶನದಲ್ಲಿ ಕಟ್ಟಡ ಎಬ್ಬಿಸಿ, 2004ರ ಅಕ್ಟೋಬರಿನಲ್ಲಿ ಬಾಗಿಲು ತೆರೆದರು. ಸುಮಾರು ಮುನ್ನೂರು ಆಸನ. ದಿನಕ್ಕೊಂದು ನಾಟಕ ಎಂಬುದು ನಿಯಮ. ಅಲ್ಲಿ ಮದುವೆ ಇಲ್ಲ, ಸನ್ಮಾನ ಇಲ್ಲ, ನಾಟಕ ಮಾತ್ರ. ತಂಡಗಳಿಗೆ ಬಾಡಿಗೆಯನ್ನು ಬೇಕೆಂದೇ ಕಡಿಮೆ ಇಟ್ಟರು; ಖರ್ಚು ತುಂಬಲು ದಾನಿಗಳನ್ನು ಹುಡುಕುವ ಪಾಡು ತಮಗಿರಲಿ ಎಂದರು. ಇನ್ನೊಂದು ನಿಯಮ ಬಹಳ ಮಂದಿಗೆ ಸಿಟ್ಟು ತರಿಸಿದೆ: ವೇಳೆಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರು ಯಾರೇ ಆಗಲಿ ಹೊರಗೆ. ಮುಖ್ಯ ಅತಿಥಿಗಾಗಿ ಒಂದು ಗಂಟೆ ಕಾಯುವುದೇ ಸಂಸ್ಕೃತಿ ಎಂದುಕೊಂಡಿದ್ದ ಊರಿಗೆ ಇದು ಸಣ್ಣ ಪಾಠವಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದು ಸ್ವಲ್ಪ ಕ್ರೂರ ಪಾಠ ಕೂಡ.

ಸಂಗೀತದವರಿಗೆ ಇಂಥ ಜಾಗಗಳ ಪರಂಪರೆ ಇನ್ನೂ ಹಳೆಯದು. 1905ರ ಗಾಯನ ಸಮಾಜ, 1939ರಿಂದ ಚಾಮರಾಜಪೇಟೆಯಲ್ಲಿ ನಡೆದುಬಂದಿರುವ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಎಲ್ಲರಿಗೂ ಗೊತ್ತು. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಬೇಲಿಯ ಆಚೆ ನಿಂತು ಕೇಳಿದವರೂ ಕೇಳುಗರೇ. ಅದು ಬೇರೆಯದೇ ಭಾಷಣಕ್ಕೆ ಆಗುವಷ್ಟು ವಿಷಯ, ಇಲ್ಲಿಗೆ ಬಿಡೋಣ.

ಸರ್ಕಾರವೂ ಅಲ್ಲದ, ದೊಡ್ಡ ದಾನಿಗಳೂ ಅಲ್ಲದ ಒಂದು ಮೂರನೆಯ ದಾರಿ ಬೆಂಗಳೂರಿನಲ್ಲಿ ಮೊದಲಿನಿಂದ ಇದೆ. ಒಬ್ಬ ಕಲಾವಿದನೇ ಇನ್ನೊಬ್ಬನಿಗೆ ಜಾಗ ಕೊಡುವ ದಾರಿ. ಬಾದಾಮಿಯ ಕಡೆಯಿಂದ ಬಂದ ಆರ್.ಎಂ. ಹಡಪದ್ 1960ರ ದಶಕದ ಕೊನೆಯಲ್ಲಿ ಕೆನ್ ಕಲಾಶಾಲೆ ತೆರೆದರು. ಇವತ್ತು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಪ್ರದರ್ಶನ ಮಾಡಿರುವ ಶೀಲಾ ಗೌಡ ಅಲ್ಲಿ ಕಲಿತವರು. 2003ರಲ್ಲಿ ಸುರೇಶ್ ಜಯರಾಮ್ ಶಾಂತಿನಗರದಲ್ಲಿ ತಮ್ಮ ಮನೆಯನ್ನೇ ‘ಒನ್ ಶಾಂತಿರೋಡ್’ ಎಂಬ ಕಲಾತಾಣ ಮಾಡಿದರು. ಹೊರಗಿನ ಕಲಾವಿದರು ಬಂದು ಉಳಿದು ಕೆಲಸ ಮಾಡಲು ಕೋಣೆ, ತೋರಿಸಲು ಗೋಡೆ, ಹರಟಲು ಅಂಗಳ. ಗೋಡೆ ಸಿಗದವರು ರಸ್ತೆಯನ್ನೇ ಕ್ಯಾನ್ವಾಸು ಮಾಡಿಕೊಂಡದ್ದೂ ಉಂಟು. ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಬಿಟ್ಟರು. ಕಲಾಕೃತಿ ನೋಡಲು ಜನ ಸೇರಿದರು, ಅಧಿಕಾರಿಗಳು ಗುಂಡಿ ಮುಚ್ಚಿದರು. ಕಲೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಆ ಬಡಾವಣೆಯವರು ಉತ್ತರ ಹೇಳಬಹುದು.

ಇಷ್ಟೆಲ್ಲ ಕೇಳಿದ ಮೇಲೆ ‘ಅದಿರಲಿ, ಅವಕಾಶ ಹುಡುಕುವುದು ಹೇಗೆ?’ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಊರಿನಿಂದ ಬಂದ, ಯಾರ ಪರಿಚಯವೂ ಇಲ್ಲದ ವಿದ್ಯಾರ್ಥಿಗೆ ಅಡ್ಡಬರುವುದು ಪ್ರತಿಭೆಯ ಕೊರತೆಗಿಂತ ಹೆಚ್ಚಾಗಿ ಸುದ್ದಿಯ ಕೊರತೆ. ಲಲಿತಕಲಾ ಅಕಾಡೆಮಿ ವಾರ್ಷಿಕ ಪ್ರದರ್ಶನಕ್ಕೆ ಕೃತಿಗಳನ್ನು ಕರೆಯುತ್ತದೆ. ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದು ಹೋಗುತ್ತದೆ, ಗೊತ್ತಾಗುವಷ್ಟರಲ್ಲಿ ಕೊನೆಯ ದಿನ ಕಳೆದಿರುತ್ತದೆ. ಚಿತ್ರಸಂತೆಗೂ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಬಂದ ಅರ್ಜಿಗಳಿಗೆಲ್ಲ ಜಾಗ ಸಿಗುವುದಿಲ್ಲ. ಎಂ.ಜಿ. ರಸ್ತೆಯಲ್ಲಿ 2013ರಲ್ಲಿ ಮೆಟ್ರೊದವರು ತೆರೆದ ರಂಗೋಲಿ ಕಲಾಕೇಂದ್ರದಲ್ಲಿ ಗ್ಯಾಲರಿಗಳಿವೆ ಎಂಬುದು ದಿನವೂ ಅದೇ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿಗಳಲ್ಲೇ ಅನೇಕರಿಗೆ ತಿಳಿಯದು.

ಸುದ್ದಿಯ ನಂತರದ ಗೋಡೆ ಇಂಗ್ಲಿಷ್. ಅರ್ಜಿ ನಮೂನೆ ನೋಡಿಯೇ ಕೈಬಿಟ್ಟವರು ಬಹಳ. ಕೃತಿಯ ಬಗ್ಗೆ ಬರೆಯಿರಿ ಎಂದರೆ ಯಾರೋ ಬರೆದುಕೊಟ್ಟ, ತಮಗೇ ಅರ್ಥವಾಗದ ಒಂದು ಪ್ಯಾರಾ ಅಂಟಿಸುತ್ತಾರೆ. ಕೆರೆ ಒಣಗಿದ್ದನ್ನು ಬರೆದ ಹುಡುಗ ‘ಊರ ಕೆರೆ ಒಣಗಿತು, ಅದಕ್ಕೆ ಬರೆದೆ’ ಎಂದಿದ್ದರೆ ಸಾಕಿತ್ತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 1993ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲೇ ಕಚೇರಿ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ದೇಶದ ಕಲಾವಿದರಿಗೆ, ಸಂಶೋಧಕರಿಗೆ ಅನುದಾನ ಕೊಡುತ್ತದೆ. ಯೋಜನೆಯನ್ನು ಭಾರತದ ಯಾವ ಭಾಷೆಯಲ್ಲಾದರೂ ಬರೆದು ಕಳಿಸಬಹುದು ಎಂದು ಅದು ತನ್ನ ಕರೆಗಳಲ್ಲಿ ಹೇಳುತ್ತಾ ಬಂದಿದೆ. ಅಂದರೆ ಕನ್ನಡದಲ್ಲೂ ಬರೆಯಬಹುದು. ಅಕಾಡೆಮಿಗಳಿಗೂ ಇಲಾಖೆಗೂ ಕನ್ನಡವೇ ಸಾಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೀಗಾಗಿ ಮಾಡಬಹುದಾದ ಕೆಲಸ ಸಣ್ಣದು. ಹತ್ತು ಕೃತಿಗಳನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೆಟ್ಟಗೆ ಫೋಟೊ ತೆಗೆಯಿರಿ. ಪ್ರತಿಯೊಂದರ ಕೆಳಗೆ ಅಳತೆ, ಮಾಧ್ಯಮ, ವರ್ಷ ಬರೆಯಿರಿ. ನಾಟಕದವರಾದರೆ ಆಡಿದ ಪ್ರಯೋಗಗಳ ಪಟ್ಟಿ ಇಡಿ, ಹಸ್ತಪತ್ರಿಕೆ ಎಸೆಯಬೇಡಿ. ಬೆಲೆ ಕೇಳಿದರೆ ತಲೆ ಕೆರೆದುಕೊಳ್ಳದಂತೆ, ತಗುಲಿದ ಖರ್ಚು ಮತ್ತು ಕೆಲಸ ಮಾಡಿದ ದಿನಗಳ ಲೆಕ್ಕ ಹಾಕಿ ಮೊದಲೇ ನಿಗದಿ ಮಾಡಿಕೊಳ್ಳಿ. ಕೊನೆಯದಾಗಿ ನಿಮ್ಮ ಹೆಸರು, ಊರು, ಕಲಿತದ್ದು, ಮಾಡಿದ್ದು, ಮಾಡಬೇಕೆಂದಿರುವುದು - ಕನ್ನಡದಲ್ಲಿ ಅರ್ಧ ಪುಟ. ಇವತ್ತು ರಾತ್ರಿಯೇ ಬರೆದಿಡಬಹುದು.

ಹೊರಗೆ ಚಹಾ ಬಂದಿದೆ ಎಂದು ವ್ಯವಸ್ಥಾಪಕರು ಸನ್ನೆ ಮಾಡುತ್ತಿದ್ದಾರೆ.